ಘಟ್ಟದ ಕೆಳಗಿನ ಮಾಡು

ಧಾರವಾಡದಿಂದ ಸವದತ್ತಿಯ ಹಾದಿ ಹಿಡಿದು ಹೊರಟವರಿಗೆ, ಮಲೆನಾಡಿನ ಸೆರಗು ಮುಗಿದು ಎರೆಯ ಬಯಲು ತೆರೆದುಕೊಳ್ಳುವಲ್ಲಿ ಅಮ್ಮಿನಬಾವಿ ಎದುರಾಗುತ್ತದೆ. ಅಲ್ಲಿಯ ಹಳೆಯ ಮನೆಗಳು ಗೋಡೆಗೆ ಗೋಡೆ ತಾಗಿಸಿ ನಿಂತಂಥವು; ಜಂತಿಯ ಮೇಲೆ ಮಣ್ಣು ಹಾಸಿ ಬಡಿದ ಮಾಳಿಗೆ, ನಡುವೆ ಒಂದು ಬೆಳಕಿಂಡಿ, ಮೇಲೆ ಒಣಗಲು ಹರವಿದ ಮೆಣಸಿನಕಾಯಿ. ಇಂತಹ ಊರಿನವನು ಘಟ್ಟವಿಳಿದು ಮಂಗಳೂರು ಸೀಮೆಗೆ ಹೋದರೆ ಊರೆಲ್ಲಿದೆಯೆಂದು ಹುಡುಕಬೇಕಾಗುತ್ತದೆ. ತೋಟಕ್ಕೊಂದರಂತೆ ಚದುರಿದ ಮನೆಗಳು, ಅವುಗಳ ಮೇಲೆ ಕಡಿದಾಗಿ ಇಳಿದ ಕೆಂಪು ಹೆಂಚಿನ ಮಾಡು.

ಆ ಹೆಂಚು ಪರಶುರಾಮನ ಕಾಲದಿಂದಲೂ ಅಲ್ಲಿದ್ದಿತೆಂದು ನಂಬುವಷ್ಟು ಅದು ನೆಲಕ್ಕೆ ಒಗ್ಗಿಹೋಗಿದೆಯಾದರೂ, ವಾಸ್ತವದಲ್ಲಿ ಅದರ ಆಯುಷ್ಯ ಒಂದೂವರೆ ಶತಮಾನಕ್ಕಿಂತ ತುಸುವೇ ಹೆಚ್ಚು. ಅದಕ್ಕೆ ಮುಂಚೆ ಬಡವರಿಗೆ ಮುಳಿಹುಲ್ಲು, ತೆಂಗಿನ ಮಡಲು. ಉಳ್ಳವರಿಗೆ ಕುಂಬಾರರ ನಾಡಹೆಂಚು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು, ಮತಾಂತರದಿಂದ ಜಾತಿ ಕಸುಬುಗಳೆರಡನ್ನೂ ಕಳೆದುಕೊಂಡವರಿಗೆ ಜೀವನೋಪಾಯ ಕಲ್ಪಿಸುವ ಸಲುವಾಗಿ ನೇಯ್ಗೆ, ಮುದ್ರಣಗಳನ್ನು ಕೈಗೊಂಡರು. ಆ ಸಾಲಿನಲ್ಲಿಯೇ 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದನು. ನೇತ್ರಾವತಿ, ಗುರುಪುರ ನದಿಗಳ ದಡದ ಜೇಡಿಮಣ್ಣು ಕೈಯಳತೆಯಲ್ಲಿಯೇ ಇದ್ದಿತು. ಸುಟ್ಟ ಹೆಂಚನ್ನು ದೂರದೇಶಕ್ಕೆ ಒಯ್ಯಲು ಬಂದರವೂ ಸಮೀಪದಲ್ಲಿಯೇ.

ಹಳೆಯ ಹೆಂಚೊಂದನ್ನು ಮಗುಚಿ ನೋಡಬೇಕು. ಕೆಳಮೈಯಲ್ಲಿ ಕಾರ್ಖಾನೆಯ ಹೆಸರಿನ ಉಬ್ಬಚ್ಚು, ರೀಪನ್ನು ಹಿಡಿದು ಕೂರಲು ಒಂದು ಗುಬ್ಬಿ, ಅಂಚಿನಲ್ಲಿ ಪಕ್ಕದ ಹೆಂಚಿನ ತುಟಿ ಬಂದು ಕೂಡುವ ಕಾಲುವೆ. ಮೊಳೆಯಿಲ್ಲ, ಗಾರೆಯಿಲ್ಲ, ಒಂದು ಒಡೆದರೆ ಅದೊಂದನ್ನೇ ಬದಲಿಸಿದರಾಯಿತು. ವರ್ಷಂಪ್ರತಿ ಹುಲ್ಲು ಹೊದಿಸುವ ಕಷ್ಟವನ್ನೂ ಬೆಂಕಿಯ ಭಯವನ್ನೂ ಇದು ಏಕಕಾಲಕ್ಕೆ ನೀಗಿತು.

ಆದರೂ ಕರಾವಳಿಯ ಮನೆಗೆ ರೂಪ ಕೊಟ್ಟ ಶ್ರೇಯಸ್ಸನ್ನು ಹೆಂಚಿಗೆ ಸಲ್ಲಿಸಲು ನನಗೆ ಮನಸ್ಸಿಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವಲ್ಲಿ ಮಾಡು ಇಳಿಜಾರಾಗಲೇಬೇಕು, ಸೂರು ಜಗಲಿಯನ್ನು ದಾಟಿ ಚಾಚಲೇಬೇಕು. ಹುಲ್ಲಿನ ಕಾಲದಿಂದ ಬಂದ ಆ ಆಕೃತಿಗೆ ಕಾರ್ಖಾನೆ ಹೊಸ ಚರ್ಮ ತೊಡಿಸಿತಷ್ಟೆ. ಗೋಡೆಯ ಮುರಕಲ್ಲಂತೂ ಅಲ್ಲಿಯ ನೆಲದ್ದೇ; ಕಡಿಯುವಾಗ ಮೆತ್ತಗಿದ್ದು ಗಾಳಿಗೊಡ್ಡಿದಂತೆ ಗಟ್ಟಿಯಾಗುವಂಥದು. 1837ರಲ್ಲಿಯೇ ಧಾರವಾಡಕ್ಕೂ ಬಂದ ಮಿಷನ್ನಿನ ಹಿಂದೆ ಹೆಂಚೂ ಘಟ್ಟವೇರಿತು. ಆದರೆ ಮಳೆ ಆ ಪ್ರಮಾಣದ ಕಾಲುಭಾಗವೂ ಇರದ, ರಾಶಿ ಮಾಡಿದ ಕಾಳು ಒಣಗಿಸಲು ಸಮತಟ್ಟು ಜಾಗ ಬೇಕಾದ ಬಯಲಿನಲ್ಲಿ ಮಣ್ಣಿನ ಮಾಳಿಗೆಗೆ ಅದು ಪ್ರತಿಸ್ಪರ್ಧಿಯಾಗಲಿಲ್ಲ.

ಇತ್ತೀಚೆಗೆ ಕರಾವಳಿಯಲ್ಲಿಯೂ ಕಾಂಕ್ರೀಟಿನ ತಾರಸಿ ಬಂದಿದೆ. ಆಷಾಢದ ಮಳೆಗೆ ಅದು ಜಿನುಗತೊಡಗಿದೊಡನೆ ಅದರ ಮೇಲೆಯೇ ಕಬ್ಬಿಣದ ಕಂಬ ನಿಲ್ಲಿಸಿ ಇಳಿಜಾರಾಗಿ ತಗಡು ಹೊದಿಸುತ್ತಾರೆ. ಕೆಳಗಿಳಿಸಿದ ಹೆಂಚನ್ನು, ಹಳೆಯ ಕಾಲದ ಸೊಗಸು ಬೇಕೆಂಬ ರೆಸಾರ್ಟಿನವರು ಬಂದು ಕೊಂಡೊಯ್ಯುತ್ತಾರೆ.