ಔಷಧಿ ಹೊಡೆಯದ ನಾಲ್ಕು ಸಾಲು



ಗುತ್ತಲ ಭಾಗದ ಎರೆಹೊಲವೊಂದರಲ್ಲಿ ಬ್ಯಾಡಗಿ ಮೆಣಸಿನ ಗಿಡಗಳಿಗೆ ಮುಟುರು ರೋಗ ಬಂದಿತ್ತು. ಹೊಲದ ಯಜಮಾನರು ಕೈಸಾಲ ಮಾಡಿ ದುಬಾರಿ ಔಷಧಿ ತಂದು ಸಿಂಪಡಿಸಿದರು. ಮರುದಿನವೇ ಬಿರುಸು ಮಳೆಯಾಯಿತು. ಹತ್ತು ಹನ್ನೆರಡು ದಿನಗಳಲ್ಲಿ ಹೊಸ ಚಿಗುರು ನೆಟ್ಟಗೆ ಬಂತು. "ಔಷಧಿ ಭಾಳ ಚಲೋ ಐತ್ರಿ ಸಾಹೇಬ್ರ, ಇನ್ನೂ ಎರಡು ಬಾಟ್ಲಿ ತರ್ತೀನಿ" ಎಂದರು. ಜೊತೆಯಲ್ಲಿ ಹೊಲ ಸುತ್ತುವಾಗ ಅವರಿಗೇ ನೆನಪಾಯಿತು: ಪಂಪಿನಲ್ಲಿ ಔಷಧಿ ಮುಗಿದು ಬದುವಿನ ಕಡೆಯ ನಾಲ್ಕು ಸಾಲು ಹಾಗೆಯೇ ಉಳಿದಿದ್ದವು. ನೋಡಿದರೆ ಆ ಸಾಲುಗಳ ಚಿಗುರೂ ಅಷ್ಟೇ ನೆಟ್ಟಗಿತ್ತು!

ಹಾಗಾದರೆ ಗುಣ ಮಾಡಿದ್ದು ಔಷಧಿಯೋ, ಮಳೆಯೋ? ಬಿರುಸು ಮಳೆಗೆ ಥ್ರಿಪ್ಸ್ ನುಸಿ ತೊಳೆದುಹೋಗುವುದುಂಟು. ಹಾಗೆಂದು ಔಷಧಿ ಕೆಟ್ಟದ್ದೆಂದೂ ಹೇಳಲಾಗದು, ಏಕೆಂದರೆ ಮಳೆ ಎರಡೂ ಕಡೆ ಬಿದ್ದಿದೆ. ಆ ನಾಲ್ಕು ಸಾಲು ಇರದಿದ್ದರೆ ಈ ಸಂಶಯವೇ ಹುಟ್ಟುತ್ತಿರಲಿಲ್ಲ. ವಿಜ್ಞಾನದ ವಿಧಾನ ಆರಂಭವಾಗುವುದು ಇಂಥ ಸಂಶಯದಿಂದಲೇ. ಅದರ ಕೆಲವು ಮಾತುಗಳನ್ನು ಇದೇ ಹೊಲದಲ್ಲಿ ನಿಂತು ತಿಳಿದುಕೊಳ್ಳೋಣ.

ಅವಲೋಕನ ಮತ್ತು ಊಹೆ

ಕಂಡದ್ದನ್ನು ಕಂಡ ಹಾಗೆ ಗುರುತಿಸುವುದು ಅವಲೋಕನ. ಎಲೆ ಮೇಲ್ಮುಖವಾಗಿ ದೋಣಿಯಂತೆ ಮುದುಡಿದೆಯೇ, ಕೆಳಮುಖವಾಗಿ ಬೋರಲು ಹಾಕಿದ ದೋಣಿಯಂತಿದೆಯೇ ನೋಡಿರಿ. ಮೊದಲನೆಯದು ಸಾಮಾನ್ಯವಾಗಿ ಥ್ರಿಪ್ಸ್ ನುಸಿಯ ಲಕ್ಷಣ, ಎರಡನೆಯದು ಮೈಟ್ ನುಸಿಯದು. ಬಿಳಿ ನೊಣ ಹರಡುವ ನಂಜಿನಿಂದಲೂ ಎಲೆ ಮುಟುರುತ್ತದೆ.

"ಇದು ಥ್ರಿಪ್ಸ್ ಇರಬೇಕು" ಎನ್ನುವುದು ಊಹೆ. ಊಹೆ ಎಂದರೆ ಬಾಯಿಗೆ ಬಂದ ಮಾತಲ್ಲ, ಪರೀಕ್ಷೆ ಮಾಡಿದರೆ ತಪ್ಪೆಂದು ತೋರುವ ಅವಕಾಶ ಅದರಲ್ಲಿರಬೇಕು. ಚಿಗುರನ್ನು ಬಿಳಿ ಕಾಗದದ ಮೇಲೆ ಕೊಡವಿ ಭೂತಗನ್ನಡಿಯಿಂದ ನೋಡಿದರೆ ನುಸಿ ಇದೆಯೋ ಇಲ್ಲವೋ ತಿಳಿಯುತ್ತದೆ. "ಹೊಲಕ್ಕೆ ದೃಷ್ಟಿ ತಾಗಿದೆ" ಎಂಬ ಮಾತನ್ನು ಯಾವ ಕಾಗದದ ಮೇಲೂ ಕೊಡವಿ ನೋಡಲಾಗದು.

ಪ್ರಯೋಗ ಮತ್ತು ತಾಳೆ

ಊಹೆಯನ್ನು ಪರೀಕ್ಷಿಸುವುದು ಪ್ರಯೋಗ. ಔಷಧಿ ಹೊಡೆಯದೆ ಹೋಲಿಕೆಗಾಗಿ ಬಿಟ್ಟ ಭಾಗಕ್ಕೆ ಪುಸ್ತಕಗಳಲ್ಲಿ 'ನಿಯಂತ್ರಣ' ಎನ್ನುತ್ತಾರೆ. ಇದು ಕೀಟ ನಿಯಂತ್ರಣವಲ್ಲ. ನಾವು 'ತಾಳೆ ಸಾಲು' ಎನ್ನೋಣ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಸಂಶೋಧನಾ ಕೇಂದ್ರದ ಗೋಧಿ ಹೊಲವೊಂದರಲ್ಲಿ 1843ರಿಂದ ಇಂದಿನವರೆಗೆ ಒಂದು ಪಟ್ಟಿಗೆ ಯಾವ ಗೊಬ್ಬರವನ್ನೂ ಹಾಕಿಲ್ಲ. ಉಳಿದ ಪಟ್ಟಿಗಳಿಗೆ ಹಾಕಿದ ಗೊಬ್ಬರದ ಬೆಲೆ ತಿಳಿಯುವುದು ಆ ಬರಿದಾದ ಪಟ್ಟಿಯಿಂದ.

ನೀವು ಹೀಗೆ ಮಾಡಬಹುದು. ಹೊಲದ ಒಂದು ಭಾಗದಲ್ಲಿ ಎಂಟು ಸಮ ತುಂಡುಗಳನ್ನು ಗುರುತಿಸಿ, ಗೂಟ ನೆಡಿರಿ. ಚೀಟಿ ಎತ್ತಿ ನಾಲ್ಕಕ್ಕೆ ಔಷಧಿ, ನಾಲ್ಕಕ್ಕೆ ಬರೀ ನೀರು ಸಿಂಪಡಿಸಿರಿ. ಚೀಟಿ ಏಕೆ? ನಾವೇ ಆರಿಸಿದರೆ ಒಳ್ಳೆಯ ಮಣ್ಣಿನ ತುಂಡು ಗೊತ್ತಿಲ್ಲದೆಯೇ ಔಷಧಿಯ ಪಾಲಾಗುತ್ತದೆ. ನಾಲ್ಕು ಸಲ ಏಕೆ? ಒಂದು ತುಂಡು ಬದುವಿನ ನೆರಳಿಗೋ ತಗ್ಗಿಗೋ ಸಿಕ್ಕಿರಬಹುದು. ಇದೇ ಪುನರಾವರ್ತನೆ. ತಳಿ, ನಾಟಿಯ ದಿನ, ಗೊಬ್ಬರ, ನೀರು ಎಲ್ಲ ಕಡೆಯೂ ಒಂದೇ ಇರಲಿ. ಒಣಗಿದ ಕಾಯಿಯನ್ನು ತುಂಡುವಾರು ತೂಗಿ ಬರೆದಿಡಿರಿ. ಬಾಯಿಲೆಕ್ಕ ಬೇಡ.

ಸಿದ್ಧಾಂತ

"ಅದೆಲ್ಲ ಬರೀ ಥಿಯರಿ" ಎಂದು ನಾವು ಹಗುರವಾಗಿ ಆಡುತ್ತೇವೆ. ವಿಜ್ಞಾನದಲ್ಲಿ ಸಿದ್ಧಾಂತವೆಂದರೆ ಅನೇಕ ಪರೀಕ್ಷೆಗಳನ್ನು ಗೆದ್ದು ನಿಂತ ವಿವರಣೆ. ಮೆಂಡೆಲ್ ಬಟಾಣಿ ಗಿಡಗಳಲ್ಲಿ ಕಂಡುಕೊಂಡು 1866ರಲ್ಲಿ ಪ್ರಕಟಿಸಿದ ನಿಯಮ ಹತ್ತಿಗೂ ಅನ್ವಯಿಸುತ್ತದೆ. ಧಾರವಾಡದಲ್ಲಿ ರೂಪುಗೊಂಡು 1972ರಲ್ಲಿ ಬಿಡುಗಡೆಯಾದ ವರಲಕ್ಷ್ಮಿ ಸಂಕರಣ ಹತ್ತಿಯ ಬೀಜ ಉಳಿಸಿ ಮತ್ತೆ ಬಿತ್ತಿದವರ ಹೊಲದಲ್ಲಿ ಗಿಡಗಳು ಒಂದರಂತೆ ಒಂದು ಬರದಿದ್ದುದು ಇದೇ ಕಾರಣಕ್ಕೆ. ಬಿತ್ತುವ ಮೊದಲೇ ಫಲ ಹೇಳಬಲ್ಲದ್ದು ಸಿದ್ಧಾಂತದ ಬಲ. ಹೊಸ ಸಾಕ್ಷ್ಯ ಬಂದರೆ ತಿದ್ದಿಕೊಳ್ಳುವುದೂ ಅದರ ಗುಣವೇ.

ಆ ಯಜಮಾನರು ಎರಡು ಬಾಟ್ಲಿಯ ಬದಲು ಒಂದನ್ನೇ ತಂದರು. ಮುಂದಿನ ಸಿಂಪರಣೆಗೆ ಮೊದಲು ಗೂಟ ನೆಟ್ಟು, ಮಕ್ಕಳ ಕೈಯಿಂದ ಚೀಟಿ ಎತ್ತಿಸಿದರು. ಔಷಧಿ ಮಾರುವವರು, ನೆರೆಯವರು, ನಮ್ಮಂಥ ಅಧಿಕಾರಿಗಳು ಏನೇ ಹೇಳಲಿ, ನಿಮ್ಮ ಹೊಲದಲ್ಲಿಯೂ ನಾಲ್ಕು ತಾಳೆ ಸಾಲು ಇರಲಿ. ಹಣ ನಿಮ್ಮದು, ತೂಕದ ತಕ್ಕಡಿಯೂ ನಿಮ್ಮ ಕೈಯಲ್ಲೇ ಇರಲಿ.