ಮೆಚ್ಚಿದ ಚಿತ್ರ, ಮೇಲಾದ ಚಿತ್ರ

ನಾನು ಪಾಠ ಹೇಳುವ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಒಂದು ಭಿತ್ತಿಪತ್ರಿಕೆಯನ್ನು ನಡೆಸುತ್ತಾರೆ. ಕಳೆದ ವರ್ಷ ಅದರ ಸಂಪಾದಕಿಯಾಗಿದ್ದ ಹುಡುಗಿ ಅಧ್ಯಾಪಕರೆಲ್ಲರ ಬಳಿಗೂ ಒಂದು ಚೀಟಿ ಹಿಡಿದು ಬಂದಳು. ಚೀಟಿಯಲ್ಲಿದ್ದ ಪ್ರಶ್ನೆ ಒಂದೇ: "ನಿಮ್ಮ ಮೆಚ್ಚಿನ ಚಲನಚಿತ್ರ ಯಾವುದು?" ನಾನು ಕ್ಷಣವೂ ಯೋಚಿಸದೆ 'ಘಟಶ್ರಾದ್ಧ' ಎಂದು ಬರೆದು ಕೊಟ್ಟೆ. ಕನ್ನಡ ಎಂ.ಎ. ಮಾಡಿದವನ ಕೈ ಇಂಥ ಕಡೆ ತಾನಾಗಿಯೇ ಬರೆದುಬಿಡುವ ಉತ್ತರವದು.

ಮರುವಾರ ಗೋಡೆಯ ಮೇಲೆ ನನ್ನ ಹೆಸರಿನ ಮುಂದೆ ಆ ಹೆಸರನ್ನು ಓದಿದಾಗ ಮನಸ್ಸಿಗೆ ಏನೋ ಕಸಿವಿಸಿಯಾಯಿತು. ಹೇಳಿದ್ದು ಸುಳ್ಳು. ಮರ್ಯಾದಸ್ಥರ ಸುಳ್ಳು, ನಿಜ, ಆದರೂ ಸುಳ್ಳೇ. ನಾನು ನೋಡಿದ ಕನ್ನಡ ಚಿತ್ರಗಳಲ್ಲಿ ಅದಕ್ಕಿಂತ ಮೇಲಾದುದು ಇನ್ನೊಂದಿಲ್ಲವೆಂದು ನಾನು ಇಂದಿಗೂ ವಾದಿಸಬಲ್ಲೆ. ಆದರೆ ಹುಡುಗಿ ಕೇಳಿದ್ದು ಮೇಲಾದ ಚಿತ್ರವನ್ನಲ್ಲ, ಮೆಚ್ಚಿದ ಚಿತ್ರವನ್ನು. ಆ ಒಂದು ಸಾಲಿನಲ್ಲಿ ನಾನು ನನ್ನವರೊಬ್ಬರನ್ನು ಮನೆಯ ಹೊರಗೆ ನಿಲ್ಲಿಸಿದಂತಾಗಿತ್ತು. ಅವರಾರೆಂಬುದನ್ನು ಮುಂದೆ ಹೇಳುತ್ತೇನೆ.

ಕಠೋಪನಿಷತ್ತಿನಲ್ಲಿ ಯಮನು ನಚಿಕೇತನಿಗೆ ಶ್ರೇಯಸ್ಸು ಬೇರೆ, ಪ್ರೇಯಸ್ಸು ಬೇರೆ ಎಂದು ಬೋಧಿಸುತ್ತಾನೆ. ಅಲ್ಲಿ ವಿವೇಕಿಯಾದವನು ಪ್ರಿಯವಾದುದನ್ನು ಬಿಟ್ಟು ಹಿತವಾದುದನ್ನು ಆರಿಸಿಕೊಳ್ಳಬೇಕು. ಸಿನಿಮಾದ ಮಟ್ಟಿಗೆ ಯಮಧರ್ಮನ ಕಟ್ಟಳೆ ಇಲ್ಲದಿರುವುದು ನಮ್ಮ ಪುಣ್ಯ. ಇಲ್ಲಿ ಎರಡನ್ನೂ ಇಟ್ಟುಕೊಳ್ಳಬಹುದು. ಒಂದರ ಹೆಸರಿನಲ್ಲಿ ಇನ್ನೊಂದನ್ನು ಕರೆಯದಿದ್ದರೆ ಸಾಕು.

'ಘಟಶ್ರಾದ್ಧ' ತೆರೆಗೆ ಬಂದದ್ದು 1977ರಲ್ಲಿ. ಯು. ಆರ್. ಅನಂತಮೂರ್ತಿಯವರ ಕಥೆ, ಬಿ. ವಿ. ಕಾರಂತರ ಸಂಗೀತ, ಎಸ್. ರಾಮಚಂದ್ರರ ಛಾಯಾಗ್ರಹಣ. ನಿರ್ದೇಶಿಸಿದ ಗಿರೀಶ ಕಾಸರವಳ್ಳಿಯವರಿಗೆ ಆಗ ವಯಸ್ಸು 27. ಅದು ಅವರ ಮೊದಲ ಪೂರ್ಣಪ್ರಮಾಣದ ಚಿತ್ರ. ವೇದಪಾಠಶಾಲೆಗೆ ಬಂದ ನಾಣಿಯೆಂಬ ಎಳೆಯ ಹುಡುಗ. ಅವನನ್ನು ಅಕ್ಕರೆಯಿಂದ ಕಾಣುವ, ಗುರುಗಳ ವಿಧವೆ ಮಗಳಾದ ಯಮುನಕ್ಕ. ಆಕೆ ಗರ್ಭಿಣಿಯಾದಳೆಂದು ತಿಳಿದಾಗ ಜಾತಿಯವರು ಸುಮ್ಮನಿರಲಿಲ್ಲ. ಹೆತ್ತ ತಂದೆಯೇ ಬದುಕಿರುವ ಮಗಳ ಶ್ರಾದ್ಧ ಮಾಡಿ ಅವಳನ್ನು ಹೊರಗೆ ಹಾಕುತ್ತಾನೆ. ಇಷ್ಟನ್ನೂ ಚಿತ್ರವು ಆ ಹುಡುಗನ ಕಣ್ಣಿನಿಂದ ತೋರಿಸುತ್ತದೆ. ಹುಡುಗನಿಗೆ ಅರ್ಥವಾಗದ್ದು ನಮಗೆ ಅರ್ಥವಾಗುತ್ತದೆ, ಹುಡುಗನಿಗೆ ಅರ್ಥವಾದದ್ದು ಊರ ಹಿರಿಯರಿಗೆ ಅರ್ಥವಾಗುವುದಿಲ್ಲ. ಎಲ್ಲಿಯೂ ಧ್ವನಿ ಏರಿಸುವುದಿಲ್ಲ. ಆ ವರ್ಷದ ಸ್ವರ್ಣಕಮಲ ಅದಕ್ಕೆ ಸಂದಿತು. ಸುಮಾರು ಅರ್ಧ ಶತಮಾನದ ಬಳಿಕ, 2024ರಲ್ಲಿ, ಜೀರ್ಣೋದ್ಧಾರಗೊಂಡ ಅದರ ಪ್ರತಿಯನ್ನು ವೆನಿಸ್ ಚಿತ್ರೋತ್ಸವದ ಶ್ರೇಷ್ಠ ಹಳೆಯ ಚಿತ್ರಗಳ ವಿಭಾಗದಲ್ಲಿ ತೋರಿಸಿದರು. ಶ್ರಾದ್ಧವೆಂದರೇನು, ಮಡಿಯೆಂದರೇನು ಎಂದರಿಯದವರ ಮುಂದೆಯೂ ನಿಲ್ಲಬಲ್ಲ ಚಿತ್ರವದು. ಮೇಲಾದ ಕೃತಿಗೆ ನಾನು ಕಂಡುಕೊಂಡಿರುವ ಪರೀಕ್ಷೆ ಇದೇ: ನನ್ನ ಬಾಳನ್ನೂ ನನ್ನ ಊರನ್ನೂ ಅದರಿಂದ ಕಳೆದುಬಿಟ್ಟ ಮೇಲೆ ಎಷ್ಟು ಉಳಿಯುತ್ತದೆ?

ಈ ಚಿತ್ರವನ್ನು ಒಮ್ಮೆ ಮಾವಳ್ಳಿಯ ನಮ್ಮ ಮನೆಯಲ್ಲಿ ಅಮ್ಮನಿಗೆ ತೋರಿಸಿದೆ. ಮಳೆಗಾಲದ ರಾತ್ರಿ, ಲ್ಯಾಪ್‌ಟಾಪಿನ ಪುಟ್ಟ ತೆರೆ, ಹೊರಗೆ ಕಡಲಿನ ಮೊರೆತ. ಅಮ್ಮ ಒಂದು ಮಾತೂ ಆಡದೆ ಕಡೆಯವರೆಗೂ ನೋಡಿದಳು. ತಲೆ ಬೋಳಿಸಿಕೊಂಡ ಯಮುನಕ್ಕ ಮರದ ಬುಡದಲ್ಲಿ ಒಬ್ಬಳೇ ಕುಳಿತಿರುವ ಆ ಕೊನೆಯನ್ನೂ ನೋಡಿ ಎದ್ದಳು. "ಚಲೋ ಸಿನಿಮಾ" ಎಂದಳು. ಅಡುಗೆಮನೆಯ ಬಾಗಿಲವರೆಗೆ ಹೋಗಿ ತಿರುಗಿ, "ಮತ್ತೆ ಹಾಕಬೇಡ" ಎಂದಳು.

ಇದಕ್ಕಿಂತ ಹೆಚ್ಚಿನ ವಿಮರ್ಶೆಯನ್ನು ನಾನು ಯಾವ ವಿಚಾರಗೋಷ್ಠಿಯಲ್ಲೂ ಕೇಳಿಲ್ಲ. ಚಿತ್ರ ದೊಡ್ಡದೆಂಬುದನ್ನು ಒಪ್ಪಿದವಳೂ ಅವಳೇ. ಅದನ್ನು ಮನೆಯೊಳಗೆ ಇಟ್ಟುಕೊಳ್ಳಲಾರೆನೆಂದವಳೂ ಅವಳೇ. ಮೆಚ್ಚಿನ ಚಿತ್ರವಾದರೋ ಹತ್ತನೆಯ ಸಲವೂ ಬೇಕೆನಿಸುತ್ತದೆ. ಮುಂದಿನ ಮಾತು ಬಾಯಿಗೆ ಬಂದಿರುತ್ತದೆ, ಆದರೂ ಅದು ತೆರೆಯ ಮೇಲೆ ಬರುವವರೆಗೆ ಕಾಯುತ್ತೇವೆ.

ಪಟ್ಟಿ ಮಾಡುವವರ ವಿಷಯವನ್ನೂ ಸ್ವಲ್ಪ ಹೇಳಬೇಕು. ಬ್ರಿಟನ್ನಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರ ಮತ ಪಡೆದು ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಪ್ರಕಟಿಸುತ್ತಿದೆ. ಮೊದಲ ಸಲ ಅಗ್ರಸ್ಥಾನ ಇಟಲಿಯ 'ಬೈಸಿಕಲ್ ಥೀವ್ಸ್' ಚಿತ್ರಕ್ಕೆ. 1962ರಿಂದ 2002ರವರೆಗಿನ ಐದು ಮತದಾನಗಳಲ್ಲಿಯೂ 'ಸಿಟಿಜನ್ ಕೇನ್'. 2012ರಲ್ಲಿ 'ವರ್ಟಿಗೊ'. 2022ರಲ್ಲಿ ಅದನ್ನೂ ಹಿಂದೆ ಸರಿಸಿ, ಬೆಲ್ಜಿಯಂ ದೇಶದ ಶಾಂತಾಲ್ ಅಕರ್‌ಮನ್ ಎಂಬ ಮಹಿಳೆ 1975ರಲ್ಲಿ ಮಾಡಿದ, ಒಬ್ಬ ಗೃಹಿಣಿಯ ಮೂರು ದಿನಗಳ ಚಿತ್ರ ಮೇಲೇರಿತು. ಅದರಲ್ಲಿ ನಾಯಕಿ ಆಲೂಗಡ್ಡೆ ಸುಲಿಯುವುದನ್ನು ನಿಮಿಷಗಟ್ಟಲೆ ನೋಡಬೇಕು. ಅದು ಅಲ್ಲಿದ್ದ ಎಲ್ಲ ಮತದಾರರ ಮೆಚ್ಚಿನ ಚಿತ್ರವೂ ಆಗಿದ್ದಿತೆಂದು ನಾನು ನಂಬಲಾರೆ. 'ಶ್ರೇಷ್ಠ' ಎಂದರೇನೆಂಬುದನ್ನು ಆ ಪತ್ರಿಕೆ ಮತದಾರರ ವಿವೇಚನೆಗೇ ಬಿಟ್ಟಿದೆ. ಹೀಗಾಗಿ ಶ್ರೇಷ್ಠತೆಯೂ ಕಲ್ಲಿನಲ್ಲಿ ಕೊರೆದ ಶಾಸನವೇನಲ್ಲ. ಪೀಳಿಗೆ ಬದಲಾದರೆ ಅದೂ ಸರಿದಾಡುತ್ತದೆ.

ಅದೇ 2022ರಲ್ಲಿ ಅಂತರರಾಷ್ಟ್ರೀಯ ಚಿತ್ರವಿಮರ್ಶಕರ ಒಕ್ಕೂಟದ ಭಾರತೀಯ ಶಾಖೆಯೂ ಮತ ಹಾಕಿ ನಮ್ಮ ದೇಶದ ಹತ್ತು ಶ್ರೇಷ್ಠ ಚಿತ್ರಗಳನ್ನು ಸಾರಿತು. ಮೊದಲನೆಯದು 'ಪಥೇರ್ ಪಾಂಚಾಲಿ'. 'ಘಟಶ್ರಾದ್ಧ' ಐದನೆಯದು. ಎಂಟನೆಯದು 'ಅಂಕುರ್', ಒಂಬತ್ತನೆಯದು 'ಪ್ಯಾಸಾ', ಹತ್ತನೆಯದು 'ಶೋಲೆ'. ಓದಿ ನಾನು ಹಿಗ್ಗಿದೆ. ಏಕೆಂದರೆ 'ಅಂಕುರ್' ಮಾಡಿದ ಶ್ಯಾಮ್ ಬೆನಗಲ್ ಮತ್ತು 'ಪ್ಯಾಸಾ' ಮಾಡಿದ ಗುರುದತ್ ಇಬ್ಬರೂ ಚಿತ್ರಾಪುರ ಸಾರಸ್ವತ ಸಮಾಜದಿಂದ ಬಂದವರು. ಆ ಸಮಾಜದ ಗುರುಮಠ ನಮ್ಮ ನೆರೆಯ ಶಿರಾಲಿಯಲ್ಲಿದೆ. 'ಅಂಕುರ್' ಚಿತ್ರದ ನಾಯಕ ಅನಂತನಾಗ್ ಬಾಲ್ಯದಲ್ಲಿ ಆ ಮಠದಲ್ಲಿ ಓದಿದವರು. ಹಿಗ್ಗಿದ ಮೇಲೆ ನನಗೇ ನಗು ಬಂತು. ಬಸ್ಸಿನಲ್ಲಿ ಹೋಗುವಾಗ ಕಾಣುವ ಊರಿನ ಹೆಸರಿಗಾಗಿ ಹಿಗ್ಗುವುದು ವಿಮರ್ಶೆಯಲ್ಲ, ಮೆಚ್ಚುಗೆ.

ಈ ಭೇದವನ್ನು ನಮ್ಮ ಕರಾವಳಿಯ ಜನಕ್ಕೆ ಸಿನಿಮಾ ಕಲಿಸಬೇಕಾಗಿರಲಿಲ್ಲ. ಯಕ್ಷಗಾನ ಮೊದಲೇ ಕಲಿಸಿತ್ತು. ಹೊನ್ನಾವರ ತಾಲ್ಲೂಕೊಂದರಲ್ಲೇ ಕೆರೆಮನೆಯವರ ಮನೆತನವೂ ಇತ್ತು, ಚಿಟ್ಟಾಣಿ ರಾಮಚಂದ್ರ ಹೆಗಡೆಯವರೂ ಇದ್ದರು. ಕಲೆಯಲ್ಲಿ ಯಾರೂ ಕಡಮೆಯಲ್ಲ. ಆದರೆ ಕೆರೆಮನೆ ಶಂಭು ಹೆಗಡೆಯವರ ಪಾತ್ರದ ಹದ, ಮಾತಿನ ತೂಕ ಇವನ್ನು ಮನಸಾರೆ ಹೊಗಳಿದ ನಮ್ಮೂರ ಹಿರಿಯರೊಬ್ಬರು, ಚಿಟ್ಟಾಣಿಯವರ ಭಸ್ಮಾಸುರನಿದ್ದ ರಾತ್ರಿ ಮಾತ್ರ ಟಾರ್ಚು ಹಿಡಿದು ಗದ್ದೆಯಂಚಿನಲ್ಲಿ ಓಡುತ್ತಿದ್ದರಂತೆ. ಕೇಳಿದರೆ, "ಅದು ಬೇರೆ, ಇದು ಬೇರೆ ಮಾರಾಯ" ಎಂಬಷ್ಟೇ ಉತ್ತರ.

ಇನ್ನು ಶಂಕರನಾಗ್ ಅವರದೇ ಉದಾಹರಣೆ. ಅನಂತನಾಗ್ ಅವರ ತಮ್ಮ. ನಮ್ಮ ಉತ್ತರ ಕನ್ನಡದವರು. ಗಿರೀಶ ಕಾರ್ನಾಡರು ನಿರ್ದೇಶಿಸಿದ, 1978ರ 'ಒಂದಾನೊಂದು ಕಾಲದಲ್ಲಿ' ಚಿತ್ರದ ಕೂಲಿಯೋಧನ ಪಾತ್ರಕ್ಕೆ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠನಟನೆಂಬ ಪ್ರಶಸ್ತಿ ಪಡೆದವರು. ತಾವೇ ನಿರ್ದೇಶಿಸಿದ 'ಆಕ್ಸಿಡೆಂಟ್' (1985) ರಾಷ್ಟ್ರಪ್ರಶಸ್ತಿ ಗಳಿಸಿತು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಬಳಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ 36 ತುಂಬಿರಲಿಲ್ಲ. ಆದರೆ ರಾಜ್ಯದ ಆಟೋರಿಕ್ಷಾಗಳ ಬೆನ್ನ ಮೇಲೆ ಅವರ ಮುಖ ಇಂದಿಗೂ ಇರುವುದು ಈ ಎರಡರಿಂದಲೂ ಅಲ್ಲ. 1980ರ 'ಆಟೋ ರಾಜ'ದಿಂದ.

ಮುರುಡೇಶ್ವರದ ನಿಲ್ದಾಣದಲ್ಲಿ ಆಟೋ ಓಡಿಸುವ ಒಬ್ಬರೊಡನೆ ನಾನು ಇದೇ ವಿಷಯವಾಗಿ ವಾದಕ್ಕಿಳಿದೆ. ಅವರ ಗಾಡಿಯ ಕನ್ನಡಿಯ ಪಕ್ಕದಲ್ಲೂ ಶಂಕರನಾಗ್ ಚಿತ್ರವಿತ್ತು. "ಅವರ ನಿಜವಾದ ನಟನೆ ನೋಡಬೇಕಾದರೆ 'ಒಂದಾನೊಂದು ಕಾಲದಲ್ಲಿ' ನೋಡಿ" ಎಂದು ನನ್ನ ಮೇಷ್ಟರ ಬುದ್ಧಿ ತೋರಿಸಿದೆ. ಅವರು ಗಾಡಿಯ ವೇಗ ತಗ್ಗಿಸದೆ ಹೇಳಿದರು: "ನೋಡುವ ಸರ್. ಆದರೆ ಅದರಲ್ಲಿ ಅವರು ಖಾಕಿ ಅಂಗಿ ಹಾಕುವುದಿಲ್ಲವಲ್ಲ." ನಾನು ಮುಂದೆ ಮಾತಾಡಲಿಲ್ಲ. ಮರ್ಯಾದೆಯಿಂದ 'ನೀವು' ಎನ್ನುವವರೇ ಅಪರೂಪವಾದ ವೃತ್ತಿಯಲ್ಲಿರುವ ಒಬ್ಬರಿಗೆ, ತಾನು ತೊಡುವ ಅಂಗಿಯನ್ನೇ ಕಥಾನಾಯಕನ ಮೈಮೇಲೆ ನೋಡುವುದೆಂದರೇನು! ಅದಕ್ಕೆ ಅಂಕ ಕೊಡುವ ಕಲಮು ಯಾವ ವಿಮರ್ಶಕರ ಪಟ್ಟಿಯಲ್ಲೂ ಇಲ್ಲ.

ಈಗ ಮೊದಲಿನ ಮಾತಿಗೆ ಬರುತ್ತೇನೆ. ನನ್ನ ಮೆಚ್ಚಿನ ಚಿತ್ರ 'ಬಂಗಾರದ ಮನುಷ್ಯ'.

ಟಿ. ಕೆ. ರಾಮರಾಯರ ಕಾದಂಬರಿ, ಸಿದ್ಧಲಿಂಗಯ್ಯನವರ ನಿರ್ದೇಶನ, 1972ರ ಬಿಡುಗಡೆ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ ಕೀರ್ತಿ ಅದರದು. ಅದನ್ನು ನೋಡಿ ಪಟ್ಟಣ ಬಿಟ್ಟು ಹಳ್ಳಿಗೆ ಮರಳಿ ನೇಗಿಲು ಹಿಡಿದವರಿದ್ದಾರೆಂಬ ಮಾತು ನಾಡಿನಲ್ಲೆಲ್ಲ ಹಬ್ಬಿದೆ. ನಾನು ಅದನ್ನು ಮೊದಲು ನೋಡಿದ್ದು ದೂರದರ್ಶನದ ಭಾನುವಾರದ ಸಿನಿಮಾದಲ್ಲಿ. ಆ್ಯಂಟೆನಾ ತಿರುಗಿಸಲು ಒಬ್ಬನನ್ನು ಮಾಡಿನ ಬಳಿ ನಿಲ್ಲಿಸಿ. ಅಪ್ಪ ಅದನ್ನು ಮೊದಲು ನೋಡಿದ್ದು ತನ್ನ ಹದಿಹರೆಯದಲ್ಲಿ, ಟೆಂಟಿನಲ್ಲಿ, ನೆಲದ ಮೇಲೆ ಕುಳಿತು.

ಅಜ್ಜ ಬೇಗ ತೀರಿಕೊಂಡರು. ಅಪ್ಪ ಏಳನೆಯ ಇಯತ್ತೆಗೇ ಶಾಲೆ ಬಿಟ್ಟು ಗದ್ದೆಗಿಳಿದರು. ತೆಂಗು, ಭತ್ತ, ಬೇಲಿಯ ಬದಿಗೆ ನಾಲ್ಕು ಸಾಲು ಮಲ್ಲಿಗೆ. ಅದರಲ್ಲೇ ಮೂವರು ತಮ್ಮಂದಿರನ್ನು ಓದಿಸಿದರು. ಪಾಲಾಗುವ ದಿನ ಅವರಲ್ಲೊಬ್ಬರು ಅಂಗಳದಲ್ಲಿ ನಿಂತು, "ಇಷ್ಟು ವರ್ಷದ ತೋಟದ ಲೆಕ್ಕ ಎಲ್ಲಿ?" ಎಂದು ಕೇಳಿದರಂತೆ. ಅಪ್ಪ ಉತ್ತರ ಕೊಡಲಿಲ್ಲವಂತೆ. ಇದನ್ನು ನನಗೆ ಹೇಳಿದವಳು ಅಮ್ಮ, ಅದೂ ನಾನು ನೌಕರಿಗೆ ಸೇರಿದ ಮೇಲೆ. ಆ ಚಿತ್ರವನ್ನು ಬಲ್ಲ ಓದುಗರಿಗೆ ಹೆಚ್ಚು ಹೇಳಬೇಕಾಗಿಲ್ಲ. ಅಕ್ಕನ ಸಂಸಾರಕ್ಕಾಗಿ ಬಂಜರನ್ನು ಬಂಗಾರ ಮಾಡಿದ ರಾಜೀವ, ತಾನು ಸಾಕಿದ ಅಕ್ಕನ ಮಗನ ಬಾಯಿಂದಲೇ ಕಟುವಾದ ಮಾತು ಕೇಳಿ, ಏನನ್ನೂ ತೆಗೆದುಕೊಳ್ಳದೆ ಮನೆ ಬಿಟ್ಟು ನಡೆದುಬಿಡುತ್ತಾನೆ.

ಅದರ ಪರಿವೆಯಿಲ್ಲದೆ ನಾನು ಮಾಡಿದ್ದೊಂದು ಕೆಲಸವಿದೆ. ಕೆಲವು ವರ್ಷಗಳ ಹಿಂದೆ ಒಂದು ಸಾಹಿತ್ಯ ಸಮಾರಂಭದಲ್ಲಿ 'ಕಾದಂಬರಿ ಮತ್ತು ಕನ್ನಡ ಚಿತ್ರ' ಎಂದು ನನ್ನ ಭಾಷಣವಿತ್ತು. ಹೆಚ್ಚುಕಡಮೆ ಒಂದೇ ಕಾಲದಲ್ಲಿ ಬಂದ 'ವಂಶವೃಕ್ಷ'ವನ್ನೂ 'ಬಂಗಾರದ ಮನುಷ್ಯ'ವನ್ನೂ ಎದುರುಬದುರು ಇಟ್ಟು, ಎರಡನೆಯದು ಉತ್ತರಾರ್ಧದಲ್ಲಿ ವಿಪತ್ತಿನ ಮೇಲೆ ವಿಪತ್ತು ಪೇರಿಸಿ ಕಣ್ಣೀರನ್ನು ಕೊಳ್ಳುತ್ತದೆ ಎಂದೆ. ಹೆಂಡತಿಯನ್ನು ಗೂಳಿ ತಿವಿದು ಕೊಲ್ಲುವುದು ಕಥೆಯ ಅಗತ್ಯಕ್ಕಲ್ಲ, ನಾಯಕನನ್ನು ಒಂಟಿ ಮಾಡುವ ಅಗತ್ಯಕ್ಕೆ ಎಂದೆ. ಸಭೆ ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿನಲ್ಲಿ ಒಗೆದ ಪಂಚೆ ಉಟ್ಟು ಅಪ್ಪ ಕುಳಿತಿದ್ದರು. ಮಗನ ಭಾಷಣ ಕೇಳಲು ಅವರು ಬಂದದ್ದು ಅದೇ ಮೊದಲು. ಬಸ್ಸಿನಲ್ಲಿ ಮರಳಿ ಬರುವಾಗ ಶಿರಾಲಿ ದಾಟುವವರೆಗೂ ಮಾತಿಲ್ಲ. ಆಮೇಲೆ, "ಮೈಕು ಚಲೋ ಇತ್ತು" ಎಂದರು.

ಆ ದಿನ ಹೇಳಿದ್ದನ್ನು ನಾನು ಇಂದೂ ಹಿಂದಕ್ಕೆ ತೆಗೆದುಕೊಳ್ಳಲಾರೆ. ಉತ್ತರಾರ್ಧ ಸಡಿಲವೇ. ರಾಜಕುಮಾರ್ ಅವರ ನಟನೆ ಆ ಸಡಿಲವನ್ನು ಬಹುಮಟ್ಟಿಗೆ ಮುಚ್ಚುತ್ತದೆ, ಅದೂ ನಿಜ. ಸಿಟ್ಟು ಬರಬೇಕಾದ ಕಡೆ ಅವರು ಮೆತ್ತಗಾಗುವುದನ್ನು ನಟರಾಗಬೇಕೆನ್ನುವವರು ಕುಳಿತು ಅಭ್ಯಾಸ ಮಾಡಬೇಕು. ಆದರೆ ಚಿತ್ರದಲ್ಲಿ ನನಗೆ ಕೊರತೆಯಾಗಿ ಕಂಡದ್ದು ಅಪ್ಪನಿಗೆ ಕೊರತೆಯಲ್ಲ. ವಿಪತ್ತಿನ ಮೇಲೆ ವಿಪತ್ತು ಬರುವುದು ಅವರಿಗೆ ಕಥೆಗಾರನ ಉಪಾಯವಾಗಿ ತೋರಿರಲಾರದು. ಅಂಗಳದಲ್ಲಿ ಕೇಳಿದ ಆ ಪ್ರಶ್ನೆಗೆ ಉತ್ತರ ಕೊಡದೆ ಹೋಗುವುದೂ ಒಂದು ಉತ್ತರವೆಂದು ಅವರಿಗೆ ತೋರಿಸಿಕೊಟ್ಟದ್ದು 'ವಂಶವೃಕ್ಷ'ವಲ್ಲ, 'ಘಟಶ್ರಾದ್ಧ'ವಂತೂ ಅಲ್ಲ. ಅಪ್ಪನನ್ನು ಬಿಟ್ಟು ಆ ಚಿತ್ರವನ್ನು ನೋಡಲು ನನಗೆ ಈಗ ಬರುವುದಿಲ್ಲ. ಆದ್ದರಿಂದ ಅದು ನನ್ನ ಪಟ್ಟಿಯಲ್ಲಿ ಎಷ್ಟನೆಯದೆಂದು ಕೇಳಿದರೆ ನಾನು ಅಸಮರ್ಥ ಸಾಕ್ಷಿ.

ಭಿತ್ತಿಪತ್ರಿಕೆಯ ಹುಡುಗಿಗೆ ನನ್ನ ಉತ್ತರವನ್ನು ತಿದ್ದಿಕೊಳ್ಳಲು ಹೇಳಿದೆ. "ಸರ್, ಹಾಗಾದರೆ ಘಟಶ್ರಾದ್ಧ?" ಎಂದಳು. "ಅದನ್ನು ಪಾಠ ಮಾಡುವಾಗ ಹೇಳುತ್ತೇನೆ" ಎಂದೆ.

ಕಳೆದ ಮಳೆಗಾಲದಲ್ಲಿ ರಜೆಗೆಂದು ಮಾವಳ್ಳಿಗೆ ಹೋಗಿದ್ದಾಗ ಯಾವುದೋ ವಾಹಿನಿಯಲ್ಲಿ ಮತ್ತೆ 'ಬಂಗಾರದ ಮನುಷ್ಯ' ಬಂತು. ಅಪ್ಪನ ಪಕ್ಕದಲ್ಲಿ ಕುಳಿತು ನೋಡಿದೆ. ಅಮ್ಮ ನಡುವೆ ಎದ್ದು ಚಹಾ ಮಾಡಿ ತಂದಳು. ಅಕ್ಕನ ಮಗ ಧ್ವನಿಯೇರಿಸುವ ಆ ದೃಶ್ಯ ಹತ್ತಿರವಾಗುತ್ತಿದ್ದಂತೆ ಅಪ್ಪ ಲೋಟವನ್ನು ಕೆಳಗಿಟ್ಟು ಎದ್ದರು. "ದನಕ್ಕೆ ಹುಲ್ಲು ಹಾಕಿ ಬರುತ್ತೇನೆ" ಎಂದು ಹಿತ್ತಲ ಕಡೆ ಹೋದರು.

ನಮ್ಮ ಮನೆಯಲ್ಲಿ ದನ ಇಲ್ಲದೆ ಹತ್ತು ವರ್ಷವಾಯಿತು.