ಟೆಸ್ಲಾ ಸುರುಳಿಗಳ ಯುಗ್ಮನಾಂಕವನ್ನು ಅಳೆಯುವ ಕ್ರಮ

ನಿಕೋಲಾ ಟೆಸ್ಲಾ 1891ರಲ್ಲಿ ರೂಪಿಸಿದ ಅನುರಣನ ಪರಿವರ್ತಕವನ್ನು ಹವ್ಯಾಸಿಗಳು ಇಂದಿಗೂ ಕಟ್ಟುತ್ತಿರುವರು. ಕೆಲವೇ ಸುತ್ತುಗಳ ಪ್ರಾಥಮಿಕ ಸುರುಳಿಯ ನಡುವೆ ಸಾವಿರದಷ್ಟು ಸುತ್ತುಗಳ ದ್ವಿತೀಯಕ ಸುರುಳಿ ನಿಲ್ಲುತ್ತದೆ. ಮೊದಲನೆಯದರ ಕಾಂತಕ್ಷೇತ್ರವು ಎರಡನೆಯದರೊಡನೆ ಎಷ್ಟರಮಟ್ಟಿಗೆ ಬೆಸೆದಿದೆಯೆಂಬುದನ್ನು ಯುಗ್ಮನಾಂಕವು ತಿಳಿಸುತ್ತದೆ. ಪರಸ್ಪರ ಪ್ರೇರಕತೆಯನ್ನು ಎರಡು ಸ್ವಪ್ರೇರಕತೆಗಳ ಗುಣಲಬ್ಧದ ವರ್ಗಮೂಲದಿಂದ ಭಾಗಿಸಿದರೆ ಈ ಸಂಖ್ಯೆ ದೊರೆಯುತ್ತದೆ. ಕಿಡಿಯಂತರವನ್ನು ಬಳಸುವ ಉಪಕರಣಗಳಲ್ಲಿ ಇದು ಸಾಮಾನ್ಯವಾಗಿ 0.1ರಿಂದ 0.2ರ ಆಸುಪಾಸಿನಲ್ಲಿರುವುದು. ಮಿತಿಮೀರಿದರೆ ದ್ವಿತೀಯಕದ ಮೈಮೇಲೆಯೇ ಕಿಡಿಗಳು ಹರಿದು, ಶ್ರಮಪಟ್ಟು ಸುತ್ತಿದ ಸುರುಳಿ ಕ್ಷಣಮಾತ್ರದಲ್ಲಿ ಸುಟ್ಟುಹೋದೀತು. ತೀರ ಕಡಮೆಯಾದರೆ ಶಕ್ತಿಯ ವರ್ಗಾವಣೆ ತಡವಾಗಿ, ಅದರ ಹೆಚ್ಚಿನ ಪಾಲು ಕಿಡಿಯಂತರದಲ್ಲಿಯೇ ಉಷ್ಣವಾಗಿ ವ್ಯಯವಾಗುವುದು.

ಕಾಲೇಜುಗಳಲ್ಲಿ ಬೋಧಿಸುವ ವಿಧಾನ ಪರಿಚಿತವೇ ಆಗಿದೆ: ಸುರುಳಿಗಳನ್ನು ಸರಣಿಯಲ್ಲಿ ಒಮ್ಮೆ ಅನುಕೂಲವಾಗಿಯೂ ಒಮ್ಮೆ ಪ್ರತಿಕೂಲವಾಗಿಯೂ ಜೋಡಿಸಿ, ಒಟ್ಟು ಪ್ರೇರಕತೆಗಳ ವ್ಯತ್ಯಾಸವನ್ನು ನಾಲ್ಕರಿಂದ ಭಾಗಿಸುವುದು. ಇಲ್ಲಿ ಅದು ಸಲ್ಲದು. ಪ್ರಾಥಮಿಕವು 20 ಮೈಕ್ರೋಹೆನ್ರಿ, ದ್ವಿತೀಯಕವು 30 ಮಿಲಿಹೆನ್ರಿ, ಯುಗ್ಮನಾಂಕ 0.15 ಎಂದಿಟ್ಟುಕೊಳ್ಳೋಣ. ಆಗ ಪರಸ್ಪರ ಪ್ರೇರಕತೆ ಸುಮಾರು 116 ಮೈಕ್ರೋಹೆನ್ರಿ. ಎರಡು ಅಳತೆಗಳ ವ್ಯತ್ಯಾಸ ಶೇಕಡ ಒಂದೂವರೆಯಷ್ಟು ಮಾತ್ರ. ಮಾಪಕದಲ್ಲಿಯೇ ಶೇಕಡ ಒಂದರ ದೋಷವಿದ್ದರೆ ಫಲಿತಾಂಶವನ್ನು ನಂಬುವುದೆಂತು?

ಇದಕ್ಕಿಂತ ಸರಳವಾದ ಮಾರ್ಗವೊಂದುಂಟು. ಧಾರಕದ ವಿದ್ಯುದಂಶವನ್ನು ಪೂರ್ತಿಯಾಗಿ ಬರಿದುಮಾಡಿ, ಅದನ್ನು ಮಂಡಲದಿಂದ ಬೇರ್ಪಡಿಸಬೇಕು. ಇದನ್ನು ಮರೆತವನಿಗೆ ಪ್ರಾಣಾಪಾಯ. ಬಳಿಕ ವೋಲ್ಟೇಜನ್ನು ತಗ್ಗಿಸುವ ಪರಿವರ್ತಕ ಮತ್ತು ತಕ್ಕ ರೋಧಕದ ಮೂಲಕ ಪ್ರಾಥಮಿಕದಲ್ಲಿ 50 ಹರ್ಟ್ಸ್ ಆವೃತ್ತಿಯ 3 ಆಂಪೇರ್ ಪ್ರವಾಹವನ್ನು ಹಾಯಿಸಿ, ದ್ವಿತೀಯಕದ ಎರಡು ತುದಿಗಳಿಗೆ ಅಂಕೀಯ ವೋಲ್ಟ್‌ಮಾಪಕವನ್ನು ಜೋಡಿಸಬೇಕು. ಮೇಲಿನ ಸುರುಳಿಗಳಲ್ಲಿ ಅದು ಸುಮಾರು 109 ಮಿಲಿವೋಲ್ಟ್ ತೋರಿಸುವುದು. ಇದನ್ನು ಪ್ರವಾಹದಿಂದಲೂ 314ರಿಂದಲೂ ಭಾಗಿಸಿದರೆ ಪರಸ್ಪರ ಪ್ರೇರಕತೆ ನೇರವಾಗಿ ಕೈಗೆ ಬರುತ್ತದೆ. ಮಾಪಕದ ಆಂತರಿಕ ರೋಧ ಬಹು ಹೆಚ್ಚಾದುದರಿಂದ ತಂತಿಯ ರೋಧವಾಗಲಿ ದ್ವಿತೀಯಕದ ಸ್ವಪ್ರೇರಕತೆಯಾಗಲಿ ಈ ಅಳತೆಯನ್ನು ಕೆಡಿಸಲಾರವು. ತಗ್ಗಿಸುವ ಪರಿವರ್ತಕವನ್ನು ಮಾತ್ರ ದೂರವಿಡತಕ್ಕದ್ದು. ಅದರಿಂದ ಸೋರುವ ಕಾಂತಕ್ಷೇತ್ರವೂ ದ್ವಿತೀಯಕದಲ್ಲಿ ವೋಲ್ಟೇಜನ್ನು ಪ್ರೇರಿಸಬಲ್ಲುದು.

ಈ ಉತ್ತರವನ್ನು ಅನುರಣನದಿಂದ ಪರೀಕ್ಷಿಸಬಹುದು. ಧಾರಕವನ್ನು ಮರಳಿ ಜೋಡಿಸಿ, ಎರಡು ಮಂಡಲಗಳನ್ನೂ 200 ಕಿಲೋಹರ್ಟ್ಸಿಗೆ ಶ್ರುತಿಗೊಳಿಸಿ, ಸಂಕೇತಜನಕದಿಂದ ಅಲ್ಪ ವೋಲ್ಟೇಜನ್ನು ಕೊಟ್ಟರೆ ಒಂದು ಶಿಖರದ ಬದಲು ಎರಡು ಕಾಣುತ್ತವೆ: ಸುಮಾರು 186.5 ಮತ್ತು 217 ಕಿಲೋಹರ್ಟ್ಸ್. ಅವುಗಳ ವರ್ಗಗಳ ವ್ಯತ್ಯಾಸವನ್ನು ವರ್ಗಗಳ ಮೊತ್ತದಿಂದ ಭಾಗಿಸಿದರೆ ಬರುವುದು ಮತ್ತೆ 0.15. ಆದರೆ ವಾಸ್ತವದಲ್ಲಿ ಎರಡೂ ಉತ್ತರಗಳು ಕೂದಲೆಳೆಯಷ್ಟೂ ಬೇರೆಯಾಗದೆ ಹೊಂದುವುವೆಂದು ನಾವು ಹೇಳೆವು. ಅನುರಣನದಲ್ಲಿ ದ್ವಿತೀಯಕದ ಪ್ರವಾಹ ಬುಡದಿಂದ ತುದಿಯವರೆಗೆ ಒಂದೇ ಸಮನಾಗಿರದು. ಅಂತರ ಕಂಡುಬಂದಲ್ಲಿ ಶಿಖರಗಳಿಂದ ದೊರೆತ ಬೆಲೆಯನ್ನೇ ಹಿಡಿದು, ದ್ವಿತೀಯಕವನ್ನು ತುಸು ಮೇಲೆತ್ತಿಯೋ ಇಳಿಸಿಯೋ ಮತ್ತೊಮ್ಮೆ ಅಳೆಯಬೇಕು.